ನನ್ನ 31 ದಿನಗಳನ್ನು ನಾನೇ ಕೇಳಿ ಪಡೆಯಲು ಹೊರಟಾಗ

ಮೊನ್ನೆ ಸಂಜೆ ಗ್ಯಾಲರಿಯ ಗೋಡೆಯಿಂದ ಕೊನೆಯ ಚೌಕಟ್ಟು ಇಳಿಸಿ, ಮೊಳೆ ಕಿತ್ತ ತೂತುಗಳಿಗೆ ಪುಟ್ಟಿ ತುಂಬಿ ಮನೆಗೆ ಬಂದೆ. ಕಣ್ಗಾವಲು ಮತ್ತು ಖಾಸಗಿತನದ ಬಗ್ಗೆ ಒಂದು ಕೃತಿ ಮಾಡೋಣ ಅಂತ ಕೂತದ್ದು 11 ತಿಂಗಳ ಹಿಂದೆ. 3 ತಿಂಗಳ ಕೆಲಸ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಇಂಥದ್ದೇ ಏನಾದರೂ ಮಾಡಬೇಕು ಅಂತಿರುವವರು ಆಗಾಗ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದು ಮುಗಿಸುತ್ತೇನೆ. ಎಲ್ಲೆಲ್ಲಿ ಎಡವಿದೆ ಅನ್ನುವುದೇ ಇದರಲ್ಲಿ ಜಾಸ್ತಿ. ಮುಂದೆ ಮಾಡುವವರ ಉಪಯೋಗಕ್ಕೆ ಬರುವುದೂ ಅದೇ.

ಯೋಚನೆ ಸರಳವಾಗಿತ್ತು. ಒಂದಿಷ್ಟು ದಿನ ನನ್ನ ಬಗ್ಗೆ ಯಾರ್ಯಾರು ಏನೇನು ದಾಖಲೆ ಇಟ್ಟುಕೊಳ್ಳುತ್ತಾರೋ ಅದನ್ನೆಲ್ಲ ಕೇಳಿ ಪಡೆಯುವುದು, ಗೋಡೆಗೆ ಹಾಕುವುದು. ಎಷ್ಟು ದಿನ? 31. ಈ ಲೆಕ್ಕ ನನ್ನದಲ್ಲ. ಅಮೆರಿಕದ ಕಲಾವಿದೆ ಜಿಲ್ ಮ್ಯಾಗಿಡ್ 2004ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 31 ದಿನ ಇದ್ದು, ಕೆಂಪು ಕೋಟು ತೊಟ್ಟು ಊರಿನ ಕ್ಯಾಮೆರಾಗಳ ಮುಂದೆ ಓಡಾಡಿದ್ದರು. ಅಲ್ಲಿ ಫುಟೇಜನ್ನು 31 ದಿನ ಇಟ್ಟುಕೊಂಡು ಆಮೇಲೆ ಅಳಿಸುವ ಪದ್ಧತಿ. ಅದನ್ನು ಪಡೆಯಲು ತುಂಬಿಕೊಡಬೇಕಾದ ಅರ್ಜಿಗಳನ್ನು ಆಕೆ ಪ್ರೇಮಪತ್ರದ ಹಾಗೆ ಬರೆದರು. ನನಗೆ ಅಷ್ಟು ಧೈರ್ಯ ಬರಲಿಲ್ಲ. ನನ್ನ ಅರ್ಜಿಗಳೆಲ್ಲ ‘ಮಾನ್ಯರೇ’ ಅಂತಲೇ ಶುರುವಾದವು.

ಮೊದಲು ಕೈ ಹಾಕಿದ್ದು ಫೋನಿಗೆ. ನಾನು ಎಲ್ಲೆಲ್ಲಿದ್ದೆ ಅನ್ನುವ ದಾಖಲೆಯನ್ನು ಖಾತೆಯಿಂದ ಇಳಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ. 11 ತಿಂಗಳಲ್ಲಿ ಸಲೀಸಾಗಿ ಆದದ್ದು ಅದೊಂದೇ. ಆದರೆ ಕಡತ ತೆರೆದರೆ ಒಳಗೆ ಬರೀ ಉದ್ದುದ್ದ ಅಂಕಿ, ನಡುವೆ ಒಂದು ಚುಕ್ಕಿಯೂ ಇಲ್ಲ. ಒಂದು ವಾರ ಅದನ್ನೇ ನೋಡುತ್ತ ಕೂತೆ. ಆಮೇಲೆ ತಿಳಿದದ್ದು, ಅಕ್ಷಾಂಶ ರೇಖಾಂಶಗಳನ್ನು ಒಂದು ಕೋಟಿಯಿಂದ ಗುಣಿಸಿ ಬರೆದಿದ್ದಾರೆ, ಕೋಟಿಯಿಂದ ಭಾಗಿಸಿದರೆ ಸರಿಹೋಗುತ್ತದೆ ಅಂತ. ಪಕ್ಕದಲ್ಲಿ ಇನ್ನೊಂದು ಅಂಕಿ ಇತ್ತು, ಎಷ್ಟು ಮೀಟರ್ ಆಚೀಚೆ ಆಗಿರಬಹುದು ಅನ್ನುವುದು. ಬೇರೆ ಬೇರೆ ಕಂಪನಿಗಳ ಕಡತ ಬೇರೆ ಬೇರೆ ಥರ ಇರುತ್ತದೆ, ಆದ್ದರಿಂದ ನಿಮ್ಮ ಕಡತದ ಮೊದಲ ಹತ್ತು ಸಾಲನ್ನು ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದ ಜೊತೆ ತಾಳೆ ನೋಡಿ. ಇಡೀ ಕಡತವನ್ನು ಹಾಗೇ ಬಳಸಲು ಮನಸ್ಸಿಲ್ಲದಿದ್ದರೆ ದಶಮಾಂಶ ಕತ್ತರಿಸಿ. ಚುಕ್ಕಿಯ ನಂತರ 5 ಅಂಕಿ ಇಟ್ಟರೆ ಸುಮಾರು 1 ಮೀಟರ್‌ವರೆಗೆ ಜಾಗ ತಿಳಿಯುತ್ತದೆ, 3 ಇಟ್ಟರೆ ಸುಮಾರು 110 ಮೀಟರ್, 2 ಇಟ್ಟರೆ 1 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ನಾನು ಏನನ್ನೂ ಕತ್ತರಿಸಲಿಲ್ಲ. ನನ್ನದನ್ನು ನಾನು ತೋರಿಸಿಕೊಂಡರೆ ಯಾರಿಗೇನು ಅನ್ನುವ ಹುಮ್ಮಸ್ಸು.

ಸುಮಾರು 10 ನಿಮಿಷಕ್ಕೊಂದರ ಹಾಗೆ 31 ದಿನಕ್ಕೆ 4,212 ನಮೂದು ಸಿಕ್ಕವು. ಬಿಳಿ ಹತ್ತಿ ಬಟ್ಟೆಯೇ ನಕ್ಷೆ, ಒಂದು ನಮೂದಿಗೆ ನಾನಿದ್ದ ಜಾಗದಲ್ಲಿ ಕೆಂಪು ದಾರದ ಒಂದು ಗಂಟು. ನಿಮಿಷಕ್ಕೆ 2 ಗಂಟು ಅಂತ ಹಿಡಿದರೆ 35 ಗಂಟೆಯ ಕೆಲಸ. ದಾರ ಸಿಕ್ಕಾಗುವುದು, ಬೆರಳು ಊದಿಕೊಳ್ಳುವುದು ಎಲ್ಲ ಸೇರಿ 7 ವಾರ ಹಿಡಿಯಿತು.

ತೊಂದರೆ ಬಂದದ್ದು ಮನೆಯಿಂದ. ಅಂದರೆ ಮನೆಯವರಿಂದಲ್ಲ, ಮನೆ ಅನ್ನುವ ಜಾಗದಿಂದ. ರಾತ್ರಿ ಮಲಗಿದ್ದಾಗಲೂ ಫೋನು ಬರೆದುಕೊಳ್ಳುತ್ತಲೇ ಇರುತ್ತದೆ. 2,300ಕ್ಕೂ ಹೆಚ್ಚು ನಮೂದುಗಳು ಬಟ್ಟೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಬಂದು ಬಿದ್ದವು. 500-600 ಗಂಟು ಆಗುವಷ್ಟರಲ್ಲಿ ಸೂಜಿ ಒಳಗೆ ಹೋಗದು. ಇಕ್ಕಳದಿಂದ ಹಿಡಿದು ಎಳೆದೆ. ಪರ್ರನೆ ಬಟ್ಟೆ ಹರಿಯಿತು. ಮೂರು ವಾರದ ಕೆಲಸ ಕೈಯಲ್ಲಿತ್ತು, ಹೊಸದಾಗಿ ಶುರು ಮಾಡುವ ಚೈತನ್ಯ ಇರಲಿಲ್ಲ. ಅಡಿಯಿಂದ ದಪ್ಪ ಕ್ಯಾನ್ವಾಸಿನ ತೇಪೆ ಕೊಟ್ಟು, ಗಂಟಿನ ಮೇಲೆ ಗಂಟು ಪೇರಿಸುತ್ತ ಹೋದೆ. ಕೊನೆಗೆ ಆ ಜಾಗ ಬಾವು ಬಂದ ಹಾಗೆ ಉಬ್ಬಿ ನಿಂತಿತು. ನೀವು ಹೊಲಿಗೆಯಲ್ಲಿ ಮಾಡುವುದಾದರೆ ತೇಪೆಯನ್ನು ಮೊದಲೇ ಕೊಟ್ಟುಬಿಡಿ, ನಿಮ್ಮ ಮನೆ ಎಲ್ಲಿದೆ ಅಂತ ನಿಮಗಂತೂ ಗೊತ್ತಲ್ಲ.

ಬಟ್ಟೆಯಲ್ಲಿ ಬೀದಿಯ ಹೆಸರಿಲ್ಲ, ನನ್ನ ಹೆಸರಿಲ್ಲ, ಯಾರಿಗೆ ಏನು ತಿಳಿದೀತು ಅಂದುಕೊಂಡಿದ್ದೆ. ಗೆಳೆಯನೊಬ್ಬ ಬಂದು ಆ ಉಬ್ಬನ್ನು ಒತ್ತಿ, “ಇದು ನೀನು ಮಲಗೋ ಜಾಗ” ಅಂದ. ಬೆರಳು ಸ್ವಲ್ಪ ಸರಿಸಿ, “ಇದು ನಿನ್ನ ಆಫೀಸು” ಅಂದ. ಮುಗಿಯಿತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಲಕ್ಷ ಮೊಬೈಲ್ ಬಳಕೆದಾರರ 15 ತಿಂಗಳ ಓಡಾಟವನ್ನು ಹೆಸರಿಲ್ಲದೆ ಇಟ್ಟುಕೊಂಡು ನೋಡಿದ್ದರು. ಎಲ್ಲಿ, ಯಾವಾಗ ಅನ್ನುವ ನಾಲ್ಕೇ ನಾಲ್ಕು ಸುಳಿವು ಇದ್ದರೆ ನೂರರಲ್ಲಿ 95 ಜನರನ್ನು ಆ ಗುಂಪಿನಿಂದ ಬೇರೆ ಮಾಡಿ ಗುರುತಿಸಬಹುದು ಅಂತ ಕಂಡಿತ್ತು. ಇದನ್ನು ಓದಿದ್ದೆ ಕೂಡ. ಓದಿದ್ದು ಬೇರೆ, ಗೆಳೆಯ ಬೆರಳಿಟ್ಟು ತೋರಿಸಿದ್ದು ಬೇರೆ.

ಆಮೇಲೆ ಗುರುವಾರಗಳು. ಬಟ್ಟೆಯ ಮೇಲ್ತುದಿಯಲ್ಲಿ ಒಂದು ಚಿಕ್ಕ ಗುಂಪು ಬರಬೇಕಿತ್ತು: 4 ಗುರುವಾರ, ಸಂಜೆ 6ರಿಂದ 7, ಒಟ್ಟು 26 ಗಂಟು. ಆ ಹೊತ್ತಿಗೆ ನಾನು ಆಪ್ತ ಸಮಾಲೋಚಕರ ಬಳಿ ಹೋಗುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸೂಜಿ ಹಿಡಿದು ಎರಡು ದಿನ ಸುಮ್ಮನೆ ಕೂತೆ. ಎಲ್ಲವನ್ನೂ ಬಿಚ್ಚಿಟ್ಟವರೂ ಇದ್ದಾರೆ. ಹಸನ್ ಎಲಾಹಿ ಅನ್ನುವ ಕಲಾವಿದರನ್ನು 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ತಡೆದು ವಿಚಾರಣೆ ಮಾಡಿದ್ದರು. ತಿಂಗಳುಗಟ್ಟಲೆ ಆ ವಿಚಾರಣೆ ಎಳೆದಾಡಿದ ಮೇಲೆ ಅವರು ತಾವಿದ್ದ ಜಾಗ, ಉಂಡ ಊಟ, ಹೋದ ಶೌಚಾಲಯ ಎಲ್ಲದರ ಫೋಟೊ ತೆಗೆದು ಲೋಕಕ್ಕೇ ತೋರಿಸುತ್ತ ಬಂದರು, ಹತ್ತಾರು ಸಾವಿರ ಫೋಟೊ. ಇಷ್ಟೊಂದು ಕೊಟ್ಟರೆ ಅದರಲ್ಲೇ ಮನುಷ್ಯ ಮರೆಯಾಗುತ್ತಾನೆ ಅನ್ನುವ ಉಪಾಯ. ಒಳ್ಳೆಯ ಉಪಾಯವೇ. ನನ್ನ ಕೈಲಿ ಆಗಲಿಲ್ಲ. ಆ 26 ಗಂಟು ಹಾಕಲಿಲ್ಲ. ಕೃತಿಯ ಪಕ್ಕ ಅಂಟಿಸುವ ಚೀಟಿಯಲ್ಲಿ 4,212 ಹೊಡೆದು 4,186 ಅಂತ ಬರೆದೆ. ಇದನ್ನು ಈಗ ಇಲ್ಲಿ ಬರೆಯುತ್ತಿರುವುದು ಮನೆಯವರಿಗೆ ನಾನೇ ಬಾಯಿಬಿಟ್ಟು ಹೇಳಿಯಾದ ಮೇಲೆ.

ಅಕ್ಕ ಬಂದು ಬಟ್ಟೆ ನೋಡಿದ್ದು ಅದರ ಮುಂದಿನ ವಾರ. ಮೊದಲು ಚೆನ್ನಾಗಿದೆ ಅಂದಳು. ಆಮೇಲೆ ಬಲಗಡೆಯ ಒಂದು ಗುಂಪಿನ ಹತ್ತಿರ ಬಗ್ಗಿ, “ಇದು ನಮ್ಮನೆ ಅಲ್ವೇನೇ?” ಅಂತ ಕೇಳಿದಳು. ಹೌದು ಅಂದೆ.

“ನಿಮ್ಮ ಭಾವ ರಾತ್ರಿ ಪಾಳಿಗೆ ಹೋದಾಗೆಲ್ಲ ನೀನು ನನ್ ಜೊತೆ ಮಲಗೋಕೆ ಬರ್ತೀಯ. ಯಾವ್ಯಾವ ರಾತ್ರಿ ನಾನೊಬ್ಳೇ ಇರ್ತೀನಿ ಅಂತ ಬರೆದು ಗೋಡೆಗೆ ಹಾಕ್ತಿದ್ದೀಯಲ್ಲೇ. ನನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದಿರಲೂ ಇಲ್ಲ. ಗಂಟುಗಳ ಕೆಳಗೆ ದಿನಾಂಕದ ಸಾಲು ಬೇರೆ ಪೆನ್ಸಿಲಿನಲ್ಲಿ ಬರೆದಿದ್ದೆ. 3 ರಾತ್ರಿ, 158 ಗಂಟು. ಅವಳೆದುರೇ ಕೂತು ಬಿಚ್ಚಲು ಶುರು ಮಾಡಿದೆ. ಹಾಕುವುದಕ್ಕಿಂತ ಬಿಚ್ಚುವುದು ನಿಧಾನ. ಒಂದೊಂದನ್ನೂ ಚಿಕ್ಕ ಕತ್ತರಿಯಿಂದ ಕತ್ತರಿಸಿ, ಚಿಮಟದಿಂದ ಎಳೆಯಬೇಕು. ಅಕ್ಕ ಕೆಂಪು ಎಳೆಗಳನ್ನು ಒಂದು ಕಾಗದದಲ್ಲಿ ಕೂಡಿಸಿಕೊಳ್ಳುತ್ತ ಕೂತಳು. ಒದ್ದೆ ಮಾಡಿ ಇಸ್ತ್ರಿ ಹಾಕಿದರೆ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ ಅಂತ ಯಾರೋ ಹೇಳಿದ್ದರು. ಸುಮಾರು ಮುಚ್ಚಿತು, ಪೂರ್ತಿ ಮುಚ್ಚಲಿಲ್ಲ. ಹಿಂದಿನಿಂದ ಬೆಳಕು ಬಿದ್ದರೆ ಅಕ್ಕನ ಮನೆ ಇನ್ನೂ ಕಾಣುತ್ತಿತ್ತು. ಹಾಗಾಗಿ ಗ್ಯಾಲರಿಯವರಿಗೆ ಹಿಂಬದಿಯ ದೀಪ ಬೇಡವೇ ಬೇಡ ಅಂತ ಬರೆದುಕೊಟ್ಟೆ, ಅವರು ಕಾರಣ ಕೇಳಿದಾಗ ಬಣ್ಣದ ನೆಪ ಹೇಳಿದೆ. ಚೀಟಿಯಲ್ಲಿ ಮತ್ತೆ ತಿದ್ದುಪಡಿ: 4,028.

ಅಲ್ಲಿಂದ ಮುಂದೆ ಒಂದು ಪಟ್ಟಿ ಮಾಡಿದೆ, ಆ 31 ದಿನ ನಾನು ಯಾರ ಯಾರ ಜೊತೆಗಿದ್ದೆ ಅಂತ. ಇದನ್ನು ದಾಖಲೆ ಕೂಡಿಸುವ ಮೊದಲೇ ಮಾಡಿ. ನಾನು ಕೊನೆಯಲ್ಲಿ ಮಾಡಿ 9 ಜನರನ್ನು ಹುಡುಕಿಕೊಂಡು ಹೋಗಬೇಕಾಯಿತು. ಒಬ್ಬರು ನಕ್ಕು ಸಹಿ ಹಾಕಿದರು, ಒಬ್ಬರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು.

ಇನ್ನು ಸಿಸಿಟಿವಿ. ಕಾಯುವುದು ಅಂದರೇನು ಅಂತ ಇಲ್ಲಿ ಗೊತ್ತಾಯಿತು. ಆ 31 ದಿನದಲ್ಲಿ ನಾನು ಹಾದುಹೋದ 14 ಕಡೆಗೆ ಅರ್ಜಿ ಹಾಕಿದೆ. ನನ್ನ ಚಿತ್ರ ನಿಮ್ಮಲ್ಲಿದೆ, ನನಗೊಂದು ಪ್ರತಿ ಕೊಡಿ ಅಂತ. ಕೇಳುವ ಹಕ್ಕು ಎಷ್ಟು ಗಟ್ಟಿ ಅನ್ನುವುದು ಒಂದೊಂದು ದೇಶದ ಕಾನೂನಿನ ಮೇಲೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನುವ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಅರ್ಜಿ ತೊಡಕಿನದಾಗಿದ್ದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ಮೊದಲ ಪ್ರತಿಗೆ ದುಡ್ಡು ಕೇಳುವಂತಿಲ್ಲ. ಅದಕ್ಕೂ ಮುಂಚೆ, 2011ರಲ್ಲಿ, ಮ್ಯಾಕ್ಸ್ ಶ್ರೆಮ್ಸ್ ಅನ್ನುವ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಫೇಸ್‌ಬುಕ್‌ಗೆ ಅರ್ಜಿ ಹಾಕಿ ತನ್ನ ಬಗ್ಗೆಯೇ 1,222 ಪುಟ ತರಿಸಿಕೊಂಡಿದ್ದರು. ನನ್ನ 14 ಅರ್ಜಿಗಳ ಗತಿ ಹೀಗಾಯಿತು: 5 ಕಡೆಯಿಂದ ಉತ್ತರವೇ ಇಲ್ಲ, 4 ಕಡೆ ಅಷ್ಟರಲ್ಲಿ ಅಳಿಸಿಹೋಗಿತ್ತು, 3 ಕಡೆ ಬೇರೆಯವರ ಮುಖವೂ ಇದೆ, ಕೊಡಲಾಗದು ಅಂದರು. 2 ಕಡೆಯಿಂದ ಸಿಕ್ಕಿತು.

ಅಳಿಸಿಹೋದದ್ದು ನನ್ನದೇ ತಪ್ಪು. ಡಿಸ್ಕ್ ತುಂಬುತ್ತಿದ್ದ ಹಾಗೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ಕೆಲವು ಕಡೆ ಒಂದು ವಾರಕ್ಕೇ ಮುಗಿಯಿತು. ನಾನು 31 ದಿನ ಪೂರ್ತಿಯಾಗಲಿ ಅಂತ ಕಾದು ಅರ್ಜಿ ಹಾಕಿದ್ದೆ. ಹಾದುಹೋದ ದಿನವೇ, ತಪ್ಪಿದರೆ ಮಾರನೇ ದಿನವೇ ಹಾಕಿ. ಅರ್ಜಿಯಲ್ಲಿ ತಾರೀಕು, ಹೊತ್ತು, ಯಾವ ಬಾಗಿಲು, ಯಾವ ಕಡೆಯಿಂದ ಬಂದಿರಿ, ಏನು ಹಾಕಿಕೊಂಡಿದ್ದಿರಿ ಎಲ್ಲ ಬರೆಯಿರಿ. ಇದಕ್ಕಾಗಿಯೇ ಆ ತಿಂಗಳು ಆಚೆ ಹೋದಾಗಲೆಲ್ಲ ನಾನು ಒಂದೇ ಹಳದಿ ಅಂಗಿ ಹಾಕಿದ್ದೆ. ಆಫೀಸಿನವರು ಏನಂದುಕೊಂಡರೋ.

ಅವರು ನನ್ನಿಂದ ಕೇಳಿದ ದಾಖಲೆಗಳ ಕಥೆ ಇನ್ನೊಂದು. ನಾನೇ ಅಂತ ಸಾಬೀತು ಮಾಡಲು ಗುರುತಿನ ಚೀಟಿಯ ಜೆರಾಕ್ಸ್, ಇತ್ತೀಚಿನ ಎರಡು ಫೋಟೊ, ವಿಳಾಸದ ಪುರಾವೆ, ಆ ಹೊತ್ತಿಗೆ ಅಲ್ಲಿದ್ದೆ ಅನ್ನುವುದಕ್ಕೆ ಟಿಕೆಟ್ಟೋ ರಸೀದಿಯೋ. ಒಂದು ಕಡೆ ಮುಖದ ಎಡ, ಬಲ, ಎದುರು ಮೂರೂ ಬದಿಯ ಫೋಟೊ ಕೇಳಿದರು. ನನ್ನ ಅರ್ಧ ನಿಮಿಷದ ಮಸುಕು ಚಿತ್ರ ಅವರ ಹತ್ತಿರ ಇತ್ತು. ಅದನ್ನು ಪಡೆಯಲು ಹೋಗಿ ನನ್ನ ಹೆಸರು, ವಿಳಾಸ, ಮೂರು ಬದಿಯ ಮುಖ ಎಲ್ಲ ಅವರ ಕಡತಕ್ಕೆ ಸೇರಿತು. ಕೊಡಲೇಬೇಕಾದರೆ ಜೆರಾಕ್ಸಿನ ಮೇಲೆ ಅಡ್ಡಲಾಗಿ ‘ಈ ಅರ್ಜಿಗೆ ಮಾತ್ರ’ ಅಂತ ತಾರೀಕು ಸಮೇತ ಬರೆಯಿರಿ, ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದನ್ನು ಮುಚ್ಚಿ. ಒಬ್ಬರು ಮಾತ್ರ ಮುಚ್ಚಿದ್ದಕ್ಕೆ ತಕರಾರು ತೆಗೆದರು.

ಇನ್ನೊಂದು ಕಡೆ ‘ನೀವು ಹೇಳಿದ ಸಮಯದಲ್ಲಿ ನೀವು ಅಲ್ಲಿ ಕಾಣುವುದಿಲ್ಲ’ ಅಂತ ಉತ್ತರ ಬಂತು. ಓದಿ ಒಂದು ಕ್ಷಣ ನನಗೇ ಅನುಮಾನ. ಅವರ ರೆಕಾರ್ಡರಿನ ಗಡಿಯಾರ 17 ನಿಮಿಷ ಮುಂದಿತ್ತು ಅಂತ ತಿಳಿಯಲು ಮೂರು ಸಲ ಅಲೆದಾಡಬೇಕಾಯಿತು. ಅರ್ಜಿಯಲ್ಲಿ ಹಿಂದೆ ಮುಂದೆ ಅರ್ಧರ್ಧ ಗಂಟೆ ಸೇರಿಸಿ ಕೇಳಿ. ಕೊನೆಗೆ ಕೊಟ್ಟ ಕಡತ ಯಾವ ಪ್ಲೇಯರಿನಲ್ಲೂ ತೆರೆಯಲಿಲ್ಲ, ಆ ಕ್ಯಾಮೆರಾ ತಯಾರಿಸಿದವರದೇ ತಂತ್ರಾಂಶ ಬೇಕಿತ್ತು. ಕೇಳುವಾಗಲೇ ಸಾಮಾನ್ಯ ವಿಡಿಯೊ ರೂಪದಲ್ಲಿ ಕೊಡಿ ಅಂತ ಸೇರಿಸಿಬಿಡಿ.

ಅಂತೂ ತೆರೆಯಿತು. 43 ಸೆಕೆಂಡು. ಮೇಲಿನಿಂದ ತೆಗೆದದ್ದು, ಹಳದಿ ಅಂಗಿಯ ಹೆಂಗಸೊಬ್ಬಳು ಬರುತ್ತಾಳೆ. ಗೋಡೆ ಹಿಡಿದು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾಳೆ. ಎದ್ದವಳು ಯಾರೂ ನೋಡಲಿಲ್ಲವಷ್ಟೇ ಅನ್ನುವ ಹಾಗೆ ಆ ಕಡೆ ಈ ಕಡೆ ಕಣ್ಣಾಡಿಸಿ ಹೋಗುತ್ತಾಳೆ. ಅದನ್ನು ಎಷ್ಟು ಸಲ ನೋಡಿದೆನೋ. ಆ ಚಪ್ಪಲಿ ಕಿತ್ತದ್ದು ನನಗೆ ನೆನಪೇ ಇರಲಿಲ್ಲ.

ಅದೇ 43 ಸೆಕೆಂಡಿನಲ್ಲಿ ಇನ್ನೂ 6 ಜನ ಇದ್ದರು. ಅವರ ಮುಖ ಮುಚ್ಚದೆಯೇ ನನಗೆ ಕೊಟ್ಟಿದ್ದರು. ಕಾನೂನು ಬಲ್ಲ ಸ್ನೇಹಿತೆಯೊಬ್ಬಳನ್ನು ವಿಚಾರಿಸಿದೆ. ಅವಳು ನ್ಯೂಯಾರ್ಕಿನ ಆರ್ನೆ ಸ್ವೆನ್ಸನ್ ಪ್ರಕರಣ ಹೇಳಿದಳು. ಎದುರು ಕಟ್ಟಡದ ಗಾಜಿನ ಕಿಟಕಿಯೊಳಗಿನ ಜನರನ್ನು ದೂರದ ಲೆನ್ಸಿನಿಂದ ತೆಗೆದು 2013ರಲ್ಲಿ ಪ್ರದರ್ಶನ ಮಾಡಿದ ಛಾಯಾಗ್ರಾಹಕ. ಆ ಮನೆಯವರು ದಾವೆ ಹೂಡಿದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಲಾವಿದನ ಪರವೇ ತೀರ್ಪು ಕೊಟ್ಟಿತು. “ಅವನು ಗೆದ್ದ ಅಂತ ನೀನೂ ತೋರಿಸ್ತೀಯಾ?” ಅಂದಳು. 6 ಮುಖಗಳಿಗೂ ಕಪ್ಪು ಅಂಡಾಕಾರ ಬರೆದೆ. 43 ಸೆಕೆಂಡು ಅಂದರೆ ಸಾವಿರಕ್ಕೂ ಮೀರಿದ ಬಿಡಿ ಚಿತ್ರಗಳು, ತಂತ್ರಾಂಶ ಅರ್ಧ ಮಾಡಿತು, ಉಳಿದದ್ದನ್ನು ಕೈಯಲ್ಲೇ ಮಾಡಿದೆ. ಮಸುಕು ಮಾಡುವುದಕ್ಕಿಂತ ಪೂರ್ತಿ ಕಪ್ಪು ಬಳಿಯುವುದು ಮೇಲು, ಮಸುಕನ್ನು ಮತ್ತೆ ತಿಳಿಮಾಡಲು ನೋಡುವವರಿದ್ದಾರೆ.

ನಡುವೆ ಒಂದು ವಾರ ವ್ಯರ್ಥ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಆ್ಯಡಮ್ ಹಾರ್ವೆ ಅನ್ನುವ ಕಲಾವಿದರು 2010ರಲ್ಲಿ ಮುಖ ಪತ್ತೆ ಮಾಡುವ ತಂತ್ರಾಂಶವನ್ನು ಏಮಾರಿಸಲು ವಿಚಿತ್ರ ಕೇಶವಿನ್ಯಾಸ, ಮುಖಕ್ಕೆ ಕಪ್ಪು ಬಿಳಿ ಪಟ್ಟೆ ರೂಪಿಸಿದ್ದರಲ್ಲ, ಅದನ್ನು ನಾನೂ ಬಳಿದುಕೊಂಡೆ. ಕನ್ನಡಿಯಲ್ಲಿ ನನಗೇ ನನ್ನ ಗುರುತು ಸಿಗಲಿಲ್ಲ. ಫೋನು ಮಾತ್ರ ತಟ್ಟನೆ ತೆರೆದುಕೊಂಡಿತು. ಅವರದು ಆ ಕಾಲದ ಹಳೆಯ ವಿಧಾನಕ್ಕೆಂದು ಮಾಡಿದ್ದು, ಈಗಿನವು ಬೇರೆ. ಬಣ್ಣ ಹೋಗಲು ಎರಡು ದಿನ ಬೇಕಾಯಿತು.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ದಾರ, ಬಟ್ಟೆ, ಅರ್ಜಿ ಎಲ್ಲ ಸೇರಿ ಒಟ್ಟಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅರ್ಧದಷ್ಟು ಹೋದದ್ದು ಮುದ್ರಣ, ಚೌಕಟ್ಟು, ಗಾಜಿಗೆ. ಆಮೇಲಿನ ದೊಡ್ಡ ಪಾಲು ನಾನು ಲೆಕ್ಕಕ್ಕೇ ಹಿಡಿಯದ ಓಡಾಟ ಮತ್ತು ರಜೆ. ಮುದ್ರಣಕ್ಕೆ ಫೋಟೊ ಕಳಿಸುವ ಮುನ್ನ ಅದರೊಳಗೆ ಅಡಗಿರುವ ಜಾಗ, ಹೊತ್ತು, ಕ್ಯಾಮೆರಾದ ವಿವರಗಳನ್ನು ತೆಗೆದುಹಾಕಿ. ನಾನು ಮೊದಲ ಕಂತು ಹಾಗೇ ಕಳಿಸಿದ್ದೆ.

ಗ್ಯಾಲರಿ ಸಿಕ್ಕಿತು, ಜೊತೆಗೆ ಆರು ಪುಟದ ಒಪ್ಪಂದವೂ. ಯಾರಾದರೂ ದೂರು ಕೊಟ್ಟರೆ ಹೊಣೆ ಪೂರ್ತಿ ನನ್ನದು ಅನ್ನುವ ಒಂದು ಸಾಲು. ಸಹಿ ಹಾಕುವಾಗ ತಲೆಯೆತ್ತಿದರೆ ಮೂಲೆಯಲ್ಲಿ ಗ್ಯಾಲರಿಯದೇ ಕ್ಯಾಮೆರಾ. ಅದನ್ನು ಪ್ರದರ್ಶನ ಮುಗಿಯುವವರೆಗೆ ಮುಚ್ಚಬಹುದಾ ಅಂತ ಕೇಳಿದೆ, ವಿಮೆಯವರು ಒಪ್ಪುವುದಿಲ್ಲ ಅಂದರು.

ಬಾಗಿಲಲ್ಲಿ ಒಂದು ಕ್ಯಾಮೆರಾ, ಒಳಗೆ ಒಂದು ಪರದೆ ಇಟ್ಟಿದ್ದೆ. ಬಂದವರಿಗೆ ತಮ್ಮದೇ ಬೆನ್ನು 8 ಸೆಕೆಂಡು ತಡವಾಗಿ ಕಾಣಬೇಕು. ಕಲಾವಿದ ಬ್ರೂಸ್ ನೌಮನ್ 1970ರಲ್ಲಿ ಮಾಡಿದ ಇಕ್ಕಟ್ಟಿನ ಓಣಿಯಲ್ಲಿ ಪರದೆಯ ಹತ್ತಿರ ಹೋದಷ್ಟೂ ತನ್ನ ಬೆನ್ನು ದೂರ ಸರಿಯುತ್ತದೆ. ಇನ್ನೊಬ್ಬ ಕಲಾವಿದ ಡ್ಯಾನ್ ಗ್ರಹಾಂ 1974ರಲ್ಲಿ 8 ಸೆಕೆಂಡಿನ ವಿಳಂಬವನ್ನು ಬಳಸಿದ್ದರು. ಎರಡನ್ನೂ ಕೂಡಿಸಿ ನಕಲು ಹೊಡೆದೆ ಅನ್ನಿ. ಪಕ್ಕದಲ್ಲಿ ದೊಡ್ಡಕ್ಷರದ ಫಲಕ: ‘ಇಲ್ಲಿ ಏನನ್ನೂ ದಾಖಲಿಸಿ ಇಟ್ಟುಕೊಳ್ಳುವುದಿಲ್ಲ.’

ಮೂರನೇ ದಿನ ಬೆಳಿಗ್ಗೆ ಪರದೆ ಕಪ್ಪಾಗಿತ್ತು. ಕ್ಯಾಮೆರಾಕ್ಕೂ ಪರದೆಗೂ ನಡುವೆ ಇಡಲು ಬಾಡಿಗೆಗೆ ತಂದ ರೆಕಾರ್ಡರ್ ಪೆಟ್ಟಿಗೆಯನ್ನು ತೆರೆದು ನೋಡಿದರೆ ಡಿಸ್ಕಿನಲ್ಲಿ 19 ಗಂಟೆಯ ವಿಡಿಯೊ ಕೂತಿದೆ. ಎರಡು ದಿನ ಬಂದವರೆಲ್ಲ ಅಲ್ಲಿದ್ದರು. ಕರೆಂಟು ಕೊಟ್ಟ ಕ್ಷಣದಿಂದ ದಾಖಲಿಸುವುದು ಅದರ ಹುಟ್ಟುಗುಣ, ನಿಲ್ಲಿಸಬೇಕಾದರೆ ನಾವೇ ಒಳಗೆ ಹೋಗಿ ನಿಲ್ಲಿಸಬೇಕು. ದೂರದಿಂದ ಮೊಬೈಲಿನಲ್ಲಿ ನೋಡುವ ಸೌಲಭ್ಯವೂ ತೆರೆದೇ ಇತ್ತು. ಕೈಕಾಲು ತಣ್ಣಗಾಯಿತು. 11 ತಿಂಗಳು ಯಾವುದರ ಬಗ್ಗೆ ಮಾತಾಡಿಕೊಂಡು ಬಂದೆನೋ ಅದನ್ನೇ, ಮಾಡುವುದಿಲ್ಲ ಅಂತ ಫಲಕ ಹಾಕಿ ಮಾಡಿದ್ದೆ. ಬಾಡಿಗೆ ಪೆಟ್ಟಿಗೆ ತಂದರೆ ಮೊದಲು ಡಿಸ್ಕನ್ನು ಕಳಚಿಡಿ, ಅದಿಲ್ಲದೆಯೂ ನೇರ ಚಿತ್ರ ಬರುತ್ತದಾ ಅಂತ ಅಂಗಡಿಯಲ್ಲೇ ನೋಡಿ.

ಫಲಕ ತೆಗೆದು, ನಡೆದದ್ದನ್ನು ಇದ್ದ ಹಾಗೆ ಬರೆದು ಅದೇ ಜಾಗಕ್ಕೆ ಅಂಟಿಸಿದೆ. ಬರೀ ಫಾರ್ಮ್ಯಾಟ್ ಕೊಟ್ಟರೆ ವಿಡಿಯೊ ಹೋಗುವುದಿಲ್ಲ, ಪುಸ್ತಕದ ಪರಿವಿಡಿ ಹರಿದ ಹಾಗೆ, ಒಳಗಿನ ಪುಟ ಹಾಗೇ ಇರುತ್ತದೆ. ಇಡೀ ಡಿಸ್ಕಿನ ಮೇಲೆ ಹೊಸದಾಗಿ ಬರೆಸಬೇಕು. ಪೆಟ್ಟಿಗೆಯವರ ಒಪ್ಪಿಗೆ ತೆಗೆದುಕೊಂಡು ರಾತ್ರಿ ಕೂತು ಅದನ್ನೂ ಮಾಡಿದೆ.

ಮಾರನೇ ದಿನ ಹಿರಿಯರೊಬ್ಬರು ಆ ಚೀಟಿಯನ್ನು ಎರಡು ಸಲ ಓದಿದರು. “ಮೊನ್ನೆಯೂ ಬಂದಿದ್ದೆ ನಾನು. ಅಳಿಸಿದ್ದೀರಿ ಅಂತ ನಾನು ನಂಬೋದು ಹೇಗಮ್ಮಾ?” ಅಂದರು. ಕೋಪವಿರಲಿಲ್ಲ, ನಿಜಕ್ಕೂ ತಿಳಿಯಬೇಕು ಅನ್ನುವ ಹಾಗೆ ಕೇಳಿದರು. ಡಿಸ್ಕ್ ತೋರಿಸಲಾ ಸರ್ ಅಂದೆ. ಖಾಲಿ ಡಿಸ್ಕ್ ನೋಡಿ ನನಗೇನು ಗೊತ್ತಾಗುತ್ತೆ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಡುವಾಗ ಅವರು ಬಾಗಿಲ ಬಳಿಯ ಸಂದರ್ಶಕರ ಪುಸ್ತಕದ ಮುಂದೆ ನಿಂತು, ಅದರಲ್ಲಿದ್ದ ಹೆಸರು, ಫೋನ್ ನಂಬರುಗಳ ಸಾಲನ್ನು ನೋಡಿ, ಪೆನ್ನನ್ನು ಮುಟ್ಟದೆ ಹೋದರು. ಆ ಪುಸ್ತಕ ಬೇಡ ಅಂತಲೂ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವತ್ತೇ ತೆಗೆಸಿದೆ.

ಬಟ್ಟೆಯನ್ನು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟಿದ್ದೇನೆ. ಉಬ್ಬಿರುವ ಕಡೆ ಸರಿಯಾಗಿ ಸುತ್ತಲು ಬರುವುದಿಲ್ಲ. ಕೊಳ್ಳುತ್ತೇನೆ ಅಂತ ಒಬ್ಬರು ಬಂದಿದ್ದರು, ಕೊಡಲಿಲ್ಲ.

ಉತ್ತರವೇ ಕೊಡದ 5 ಕಡೆಗಳಲ್ಲಿ ಒಂದರಿಂದ ನಿನ್ನೆ ಪತ್ರ ಬಂತು. ಎಂಟು ತಿಂಗಳ ಮೇಲೆ. ನಿಮ್ಮ 11 ಸೆಕೆಂಡಿನ ಫುಟೇಜನ್ನು ತೆಗೆದಿರಿಸಿದ್ದೇವೆ, ಪಡೆಯಲು ಗುರುತಿನ ಚೀಟಿಯ ಪ್ರತಿಯನ್ನು ಇನ್ನೊಮ್ಮೆ, ಏನನ್ನೂ ಮುಚ್ಚದೆ, ಕಳಿಸಿ ಅಂತ. ಪತ್ರ ಮೇಜಿನ ಮೇಲಿದೆ. ಇನ್ನೂ ಕಳಿಸಿಲ್ಲ.